ನಾಲ್ಕನೆಯ ಹೆಗಲು

ಒತಿಲ್ಯಾ ಪಕ್ಕದ ಹೊಲದ ವಲೇರ್ಯಾನನ ಗೇಟನ್ನು ಮುಷ್ಟಿಯಿಂದ ಬಡಿಯುತ್ತಲೇ ಇದ್ದಳು. ನಾಯಿ ಬೊಗಳಿ ಸುಸ್ತಾದ ಮೇಲೆ ಅವನು ಹೊರಗೆ ಬಂದ. ಕೈತುಂಬ ಗ್ರೀಸು.

"ಏನಕ್ಕಾ?"

"ಗೊತ್ತಿಲ್ವೇನೋ? ನನ್ನ ತಮ್ಮ ವಿನ್ಸೆಂತಿ ಶವಪೆಟ್ಟಿಗೇಲಿ ಮಲಗಿದಾನೆ. ಹನ್ನೊಂದಕ್ಕೆ ಪಾದ್ರಿ ಬರ್ತಾರೆ. ಗಂಡಸರೆಲ್ಲ ಜರ್ಮನಿಗೆ ದ್ರಾಕ್ಷಿ ಕೊಯ್ಯೋಕೆ ಹೋಗಿದಾರೆ, ಹೆಗಲು ಕೊಡೋಕೆ ಮೂರೇ ಜನ."

"ಹೆಣದ ಗಾಡಿಯವರನ್ನ ಕರೆಸು. ಚಕ್ರದ ಮೇಲೆ ತಳ್ಕೊಂಡು ಹೋಗ್ತಾರೆ."

"ನಲವತ್ತು ವರ್ಷ ನಮ್ಮ ವೂಲ್ಕಾ ಊರಿನ ಹೆಣಗಳನ್ನೆಲ್ಲ ಹೊತ್ತೋನು ವಿನ್ಸೆಂತಿ. ಅವನು ಚಕ್ರದ ಮೇಲೆ ಹೋಗ್ಬೇಕಾ?"

"ಎಲ್ಲಾ ಹೆಣ ಹೊರಲಿಲ್ಲ. ನಮ್ಮಮ್ಮ ಬೀಟ್‌ಗೆಡ್ಡೆ ಹೇರೋ ಟ್ರೈಲರಲ್ಲಿ ಹೋದ್ಲು."

"ಅವನ ಪರವಾಗಿ ಕ್ಷಮೆ ಕೇಳ್ತೀನಿ."

"ಅವನ ಪರವಾಗಿ ಯಾಕೆ? ಅವತ್ತು ಹೆಣ ಹೊರೋ ಕರಿ ಕೋಟು ಹಾಕ್ಕೊಂಡು ನಿಮ್ಮ ಅಂಗಳಕ್ಕೆ ಬಂದಿದ್ದ. ನಾನೇ ನೋಡ್ದೆ. ವಾಪಸ್ ಕರೆದೋರು ಯಾರು, ಹೇಳು?"

ಅವನು ಗೇಟಿನ ಅಗಳಿ ಹಾಕಿಕೊಂಡ.

*

ಒಂಬತ್ತು ವರ್ಷದ ಹಿಂದಿನ ಮಾತು. ಎರಡೂ ಮನೆಯವರ ಹೊಲಗಳ ನಡುವೆ ಒಂದೂವರೆ ಹೆಜ್ಜೆ ಅಗಲದ ಹುಲ್ಲಿನ ಬದು. ವಲೇರ್ಯಾನನ ನೇಗಿಲು ಅದರಲ್ಲಿ ಗೇಣಗಲ ನುಂಗಿತ್ತು. ಮಾತು ಬಿಟ್ಟರು. ಆ ಚಳಿಗಾಲದಲ್ಲಿ ಅವನ ತಾಯಿ ತೀರಿಕೊಂಡಳು.

"ಬದುವಿನ ಜಗಳ ಬೇರೆ, ಹೆಣ ಬೇರೆ," ಎನ್ನುತ್ತ ವಿನ್ಸೆಂತಿ ಹೊರಟಿದ್ದ.

"ಹೋದ್ರೆ ಈ ಮನೆಗೆ ಬರಬೇಡ. ಕಾಲಿಗೆ ಬಿದ್ದ ಅಂತ ಊರು ನಗುತ್ತೆ!" ಒತಿಲ್ಯಾ ಬಾಗಿಲಿಂದ ಕೂಗಿದ್ದಳು.

ಅಂಗಳದ ತನಕ ಹೋದವನು ತಿರುಗಿ ಬಂದ. ಕೋಟು ಬಿಚ್ಚಿ ಕಿಟಕಿಯ ಬಳಿ ನಿಂತ. ಟ್ರೈಲರು ಹಾದುಹೋಗುವಾಗ ಮನೆಯೊಳಗೇ ಟೋಪಿ ತೆಗೆದ. ಆಮೇಲೆ ಎಂಟು ಹೆಣ ಹೊತ್ತ. ಪ್ರತಿ ಸಲವೂ ಕೋಟನ್ನು ಅಕ್ಕನ ಕೈಗೆ ಕೊಡದೆ ತಾನೇ ಮೊಳೆಗೆ ಹಾಕಿದ.

*

"ಬರಲ್ವಂತಾ?" ಹೊರುವವರಲ್ಲಿ ಹಿರಿಯನಾದ ಹ್ಯೆರೊನಿಮ್ ಕೇಳಿದ.

"ಬರಲ್ಲ."

ಒತಿಲ್ಯಾ ಮೊಳೆಯಿಂದ ಆ ಕೋಟು ತೆಗೆದು ಹಾಕಿಕೊಂಡಳು. ಅದರ ತೋಳು ಅವಳ ಬೆರಳು ದಾಟಿತು. "ಮುಂದಿನ ಎಡಗಡೆ ನಾನು."

"ಎಪ್ಪತ್ತೆರಡು ಕಣೇ ನಿಂಗೆ! ಬಿದ್ರೆ ಎರಡು ಪೆಟ್ಟಿಗೆ ಬೇಕಾಗುತ್ತೆ."

"ಎತ್ರೋ."

ಹೊಸ್ತಿಲಿಗೆ ಪೆಟ್ಟಿಗೆಯನ್ನು ಮೂರು ಸಲ ತಾಕಿಸಬೇಕು. ಮನೆಗೆ ಸತ್ತವನು ಹೇಳುವ ವಿದಾಯ ಅದು. ಒಂದು ಸಲ ತಾಕಿತು. ಎರಡು. ಮೂರನೆಯದಕ್ಕೆ ಅವಳ ಕೈ ಮೇಲೇಳಲಿಲ್ಲ. ಮರ ಹೊಸ್ತಿಲ ಮೇಲೆ ಕರಕರ ಉಜ್ಜಿಕೊಂಡು ಹೊರಗೆ ಹೋಯಿತು. ಪಾದ್ರಿ ಬೇರೆ ಕಡೆ ನೋಡಿದರು.

ಹಿಂದೆ ಹನ್ನೊಂದು ಜನ. ಪೆಟ್ಟಿಗೆ ದಾರಿಯುದ್ದಕ್ಕೂ ಅವಳ ಕಡೆಗೇ ವಾಲಿತ್ತು. ಒಳಗೆ ತಮ್ಮ ಮೆಲ್ಲಗೆ ತನ್ನತ್ತ ಜರುಗಿದ್ದು ಹೆಗಲಿಗೆ ತಿಳಿಯಿತು.

ತಿರುವಿನಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಹೆಣ ಹೋಗುವಾಗ ಯಂತ್ರ ನಿಲ್ಲಿಸಿ ಟೋಪಿ ತೆಗೆಯದವರು ವೂಲ್ಕಾದಲ್ಲಿ ಇರಲಿಲ್ಲ. ಈ ಸದ್ದು ನಿಲ್ಲಲಿಲ್ಲ.

"ಒತಿಲ್ಯಾ, ಆ ಕಡೆ ನೋಡಬೇಡ," ಹಿಂದಿನಿಂದ ಹ್ಯೆರೊನಿಮ್ ಏದುಸಿರಲ್ಲಿ ಹೇಳಿದ.

ಹೆಗಲ ಭಾರಕ್ಕೆ ಅವಳ ಕುತ್ತಿಗೆ ತಿರುಚಿ ಮುಖ ಆ ಕಡೆಗೇ ನಿಂತುಬಿಟ್ಟಿತ್ತು. ವಲೇರ್ಯಾನ್ ಟೋಪಿ ಹಾಕಿಕೊಂಡೇ ಅದೇ ಬದುವಿನ ಮೇಲೆ ನೇಗಿಲು ಓಡಿಸುತ್ತಿದ್ದ. ಹುಲ್ಲು ಬುಡಮೇಲಾಗಿ, ಎರಡು ಹೊಲವೂ ಒಂದೇ ಕಪ್ಪು ನೆಲವಾಗುತ್ತ ಬಂತು.