ಬೂದಿಯ ಅಕ್ಷರ

ಬೂದಿಯಲ್ಲಿ ಸುಟ್ಟ ಮುಸುಕಿನ ಜೋಳದ ರೊಟ್ಟಿಯ ವಾಸನೆ. ಸುತ್ತಿದ ಎಲೆ ಕರಕಲಾಗಿ ಹಿಟ್ಟಿಗೆ ಅಂಟಿದ ವಾಸನೆ. ಅಚ್ಚುಕೂಟದ ಮಸಿ, ಎಣ್ಣೆಗಳ ನಡುವೆ ನಿಂತ ಎನಾಕ್ ಟಿಲ್ಮನ್‌ನ ಮೂಗಿಗೆ ಅದು ಎಲ್ಲಿಂದ ಬಂತೋ. ತಾನು ಗುಲಾಮನಾಗಿದ್ದ ಮೇರಿಲ್ಯಾಂಡಿನ ಅಡಿಗೆಮನೆಯಿಂದ ಅವನು ಉತ್ತರಕ್ಕೆ ಓಡಿಬಂದು ಒಂಬತ್ತು ವರ್ಷವಾಗಿತ್ತು.

“ಒಂದೇ ಒಂದು ಹೆಸರು, ಟಿಲ್ಮನ್ ಅವರೇ,” ಎಂದ ಥ್ಯಾಕ್ಸ್‌ಟರ್.

ಗುಲಾಮಗಿರಿ ವಿರೋಧಿ ಸಂಘದ ಕಾರ್ಯದರ್ಶಿ. ಒಳ್ಳೆಯವನು; ಎನಾಕ್ ಬಂದರೆ ತಾನೇ ಎದ್ದು ಕುರ್ಚಿ ಕೊಡುತ್ತಿದ್ದ. ಎನಾಕ್ ಬರೆದ ಜೀವನಕಥೆಗೆ ‘ಇದೆಲ್ಲ ಸತ್ಯ’ ಎಂದು ಮುನ್ನುಡಿ ಕೊಟ್ಟವನೂ ಅವನೇ. ಬಿಳಿಯನೊಬ್ಬನ ಸಾಕ್ಷಿಯಿಲ್ಲದೆ ಕರಿಯನ ಕಥೆಯನ್ನು ಯಾರೂ ಕೊಳ್ಳುತ್ತಿರಲಿಲ್ಲ. ಕರಿಯನನ್ನು ಕೊಳ್ಳಲು ಸಾಕ್ಷಿ ಬೇಕಾಗಿರಲಿಲ್ಲ.

ಪುಸ್ತಕವೋ, ಎಲ್ಲರ ಎಣಿಕೆ ಮೀರಿತ್ತು. ಹಡಗುಕಟ್ಟೆಯಲ್ಲಿ ಒಬ್ಬ ಓದಿದರೆ ಇಪ್ಪತ್ತು ಜನ ಕೂತು ಕೇಳುತ್ತಿದ್ದರು. ಮೂರು ಊರಿನ ಹೆಂಗಸರು ಅದನ್ನು ಕೈಯಿಂದ ಕೈಗೆ ದಾಟಿಸಿ, ಗುಲಾಮಗಿರಿ ನಿಲ್ಲಿಸಿ ಎಂಬ ಮನವಿಗೆ ಮನೆಮನೆ ತಿರುಗಿ ಸಹಿ ಕೂಡಿಸಿದ್ದರು. ಉಪದೇಶಕ್ಕೆ ತೆರೆಯದ ಕದಗಳು ಅವನ ಹಸಿವಿನ ಕಥೆಗೆ ತೆರೆದಿದ್ದವು. ಜನ ಎನಾಕ್‌ನ ಕೈಹಿಡಿದು ಅಳುತ್ತಿದ್ದರು. ಅವರು ಹಿಡಿದದ್ದು ಪುಸ್ತಕದಲ್ಲಿರುವವನ ಕೈ. ತಾನು ಅವನ ಕೋಟು ಹೊತ್ತು ತಂದ ಆಳು ಎಂದು ಎನಾಕ್‌ಗೆ ಅನ್ನಿಸುತ್ತಿತ್ತು.

ಈಗ ದಕ್ಷಿಣದ ಪತ್ರಿಕೆಯೊಂದು ಇದು ಕಟ್ಟುಕತೆ ಅಂದಿತ್ತು. ಇಷ್ಟು ಚೆನ್ನಾಗಿ ಬರೆಯುವವನು ಗುಲಾಮನಾಗಿದ್ದನೆ? ಅಕ್ಷರ ಕಲಿಸಿದ್ದು ಯಾರು?

ಕಲಿಸಿದ್ದು ಅಡಿಗೆಯ ಡಾರ್ಕಸ್. ಒಲೆಯ ಮುಂದಿನ ಬೂದಿಯಲ್ಲಿ ಬೆರಳಿಂದ ಬರೆಯುವಳು. ಗುಲಾಮರು ಅಕ್ಷರ ಕಲಿತರೂ ಕಲಿಸಿದರೂ ಚಾಟಿಯೇಟು; ಹೆಜ್ಜೆ ಸದ್ದಾದರೆ ಅಂಗೈಯಿಂದ ಒರಸಿಬಿಡುವಳು. ಅವಳಿನ್ನೂ ಅದೇ ಒಲೆಯ ಮುಂದಿದ್ದಳು.

“ಹೆಸರು ಅಚ್ಚಾದ್ರೆ ಅವಳ ಬೆನ್ನಿನ ಚರ್ಮ ಸುಲೀತಾರೆ.”

“ಅಚ್ಚಾಗದಿದ್ರೆ ಸಹಿ ಹಾಕಿದವ್ರು ಹಿಂದೆ ಸರೀತಾರೆ,” ಥ್ಯಾಕ್ಸ್‌ಟರ್ ಮೆಲ್ಲಗೆ ಅಂದ. “ಅವಳಂಥವರು ಲಕ್ಷಾಂತರ ಜನ ಈ ಸಹಿಗಳನ್ನೇ ಕಾಯ್ತಿದಾರೆ, ಅಲ್ವೆ?”

ಮಾತು ಸರಿಯಾಗಿತ್ತು. ಎನಾಕ್ ಲೇಖನಿ ತೆಗೆದುಕೊಂಡು ಪುಸ್ತಕದ ಮರುಮುದ್ರಣದ ಕರಡಚ್ಚಿನ ಅಂಚಿನಲ್ಲಿ ಅವಳ ಹೆಸರನ್ನು ದುಂಡಗೆ ಬರೆದ. ಚೆನ್ನಾಗಿ ಕಾಣುತ್ತಿತ್ತು. ತನ್ನ ಹೆಸರನ್ನು ಅವಳು ಕಾಗದದ ಮೇಲೆ ಕಂಡಿರಲೇ ಇಲ್ಲ.

ಹೊರಗೆ ಬೂಟಿನ ಸದ್ದಾಯಿತು.

ಅಂಗೈ ತಾನಾಗಿ ಹೋಗಿ ಹೆಸರನ್ನು ಒರಸಿಬಿಟ್ಟಿತು.

ಬಂದವನು ಕಾಗದ ತಂದ ಗಾಡಿಯವನು. ಎನಾಕ್‌ಗೆ ನಗು ಬಂತು, ನಗಲಿಲ್ಲ. ಥ್ಯಾಕ್ಸ್‌ಟರ್ ಬಹಳ ಹೊತ್ತು ಆ ಕಲೆಯನ್ನು ನೋಡಿದ. ಕೊನೆಗೆ ಅಂಚನ್ನು ಹರಿದು ಒಲೆಗೆ ಹಾಕಿದ. ಸಹಿಗಳಲ್ಲಿ ಎಷ್ಟು ಉಳಿಯುತ್ತವೋ ನೋಡೋಣ ಎಂದ.

ಸಂಜೆ ಎನಾಕ್ ಮರಳಿದಾಗ ಬಿಡಾರದ ಅಡಿಗೆಮನೆಯಲ್ಲಿ, ಎಲ್ಲರೂ ಚಿಕ್ಕಮ್ಮ ಎಂದು ಕರೆಯುವ ಕೆಜಾಯಾ ಕೂತಿದ್ದಳು. ಅವಳೂ ದಕ್ಷಿಣದಿಂದ ಓಡಿಬಂದವಳೇ. ಓದು ಬಾರದು, ಪುಸ್ತಕವನ್ನು ಎರಡು ಸಲ ಓದಿಸಿ ಕೇಳಿ, ಮನವಿಗೆ ಸಹಿಯ ಬದಲು ಗೀಟೆಳೆದಿದ್ದಳು.

“ಏನಪ್ಪಾ ಪಂಡಿತ, ಕೋಳಿ ಕದ್ದು ಸಿಕ್ಕಿಬಿದ್ದವನ ಹಾಗಿದೀಯ?”

“ನಂಗೆ ಅಕ್ಷರ ಕಲಿಸಿದವರ ಹೆಸರು ಪುಸ್ತಕದಲ್ಲಿಲ್ಲ ಚಿಕ್ಕಮ್ಮ. ಆದ್ರೂ ನಂಬಿದೆಯಾ?”

“ಇಲ್ಲದ್ದಕ್ಕೇ ನಂಬಿದ್ದು. ನಿಜವಾಗಿ ಓಡಿಬಂದವನು ಹಿಂದೆ ಉಳಿದವರ ಹೆಸರು ಹೇಳ್ತಾನಾ?”

ಅವಳು ಕೆಂಡ ಸರಿಸಿ ಜೋಳದ ರೊಟ್ಟಿ ತೆಗೆದಳು. ಅವನು ಚಾಚಿದ ಅಂಗೈ ಮಸಿಯಾಗಿತ್ತು. ಯಾಕೆಂದು ಕೇಳದೆ, ಅವನ ಇನ್ನೊಂದು ಕೈ ಹಿಡಿದೆತ್ತಿ, ಬೂದಿ ಅಂಟಿದ ರೊಟ್ಟಿಯನ್ನು ಅದರಲ್ಲಿಟ್ಟಳು.