ಇಂಜಿನ್ ನಿಂತ ಮೇಲಿನ ಐದು ಗಂಟೆ

ಕರೆಂಟಣ್ಣನಿಗೆ ಬಾಯಿ ಸುಮ್ಮನಿದ್ದರೆ ಕೈ ಓಡುವುದಿಲ್ಲ. ಬಾನೆಟ್ಟಿನೊಳಗೆ ಅರ್ಧ ಮೈ ಇಳಿಸಿಕೊಂಡು ತಂತಿ ಜೋಡಿಸುವಾಗಲೂ ಹೊರಗೆ ನಿಂತ ಗಿರಾಕಿಗೆ ಅವನ ಮಾತು ಕೇಳುತ್ತಲೇ ಇರಬೇಕು. ಅವನ ಬಳಿ ಹತ್ತು ಹನ್ನೆರಡು ನಗೆಮಾತುಗಳ ದಾಸ್ತಾನಿತ್ತು. ಎಲ್ಲವೂ ಹಳೆಯವು, ಎಲ್ಲವೂ ಕರೆಂಟಿನವು. ಅದರಲ್ಲಿ ಅಚ್ಚುಮೆಚ್ಚಿನದು ಮದುವೆಯಾದ ಹೊಸತರದ್ದು. ಮನೆ ತುಂಬ ನೆಂಟರು ಕೂತಿದ್ದಾಗ ಯಾರೋ ಹೊಸ ಸೊಸೆಗೆ ಒಂದು ಹಾಡು ಹೇಳಮ್ಮ ಅಂದರು. ಅವಳು ಕಣ್ಣು ಮುಚ್ಚಿ ಹಾಡತೊಡಗಿದಳು. ನಡುವೆ ಕರೆಂಟು ಹೋಯಿತು. ಆ ಕತ್ತಲಲ್ಲಿ ಇವನು, "ನೋಡಿ, ನಮ್ಮವಳು ದನಿ ಎತ್ತಿದ್ದಕ್ಕೆ ಬೀದಿ ಫ್ಯೂಸೇ ಹಾರೋಯ್ತು" ಅಂದ. ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂಗಡಿಯಲ್ಲಿ ಇದನ್ನು ಹೇಳುವಾಗ ಮೂಗಿನಲ್ಲಿ ಆ ಹಾಡಿನ ಮೊದಲ ಮೂರು ಸಾಲು ಎಳೆದು, ಫಕ್ಕನೆ ನಿಲ್ಲಿಸಿ, ಆಮೇಲೆ ಫ್ಯೂಸಿನ ಮಾತು ಬಿಡುತ್ತಿದ್ದ. "ಅವಳೂ ನಕ್ಕಳು ಕಣ್ರೀ" ಎಂದು ಕೊನೆಗೆ ಸೇರಿಸುತ್ತಿದ್ದ. ಹನ್ನೊಂದು ವರ್ಷದಿಂದ ಇದನ್ನು ಕೇಳದ ಗಿರಾಕಿ ಇರಲಿಲ್ಲ.

ಕೆಲಸದಲ್ಲಿ ಮಾತ್ರ ಅವನತ್ತ ಬೆರಳು ತೋರಿಸುವಂತಿರಲಿಲ್ಲ. ಸಣ್ಣ ಕಾರಿಗೆ ದೊಡ್ಡ ಸ್ಟೀರಿಯೊ ಕೂರಿಸುವುದೆಂದರೆ ಅವನೇ ಆಗಬೇಕು. ಬೇರೆಯವರು ಕೂರಿಸಿದರೆ ಹಾಡಿನ ಪ್ರತಿ ಗುದ್ದಿಗೂ ಹೆಡ್‌ಲೈಟು ಕಣ್ಣು ಮಿಟುಕಿಸುತ್ತಿತ್ತು, ಇವನು ಕೂರಿಸಿದರೆ ಇಲ್ಲ. ಬ್ಯಾಟರಿಯಿಂದ ಗೇಣು ದೂರದಲ್ಲೇ ಫ್ಯೂಸು, ಹೆಬ್ಬೆರಳು ಗಾತ್ರದ ತಂತಿ, ಪೇಂಟು ಕೆರೆದು ಬರಿ ತಗಡಿಗೆ ಬಿಗಿದ ಅರ್ಥಿಂಗ್ ತಂತಿ.

ಅಂಥವನ ಹೆಂಡತಿಯ ಕಾರೇ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಮರ್ಯಾದೆ ಉಳಿಯುತ್ತದೆಯೇ?

ಹೆಂಡತಿ ಒಂದನೇ ತರಗತಿಯ ಟೀಚರ್. ಆ ಪುಟ್ಟ ಕಾರಿಗೆ ಸ್ಟೀರಿಯೊ ಹಾಕಿಕೊಟ್ಟವನು ಅವನೇ, ಅವಳೇ ಬಾಯಿಬಿಟ್ಟು ಕೇಳಿದ್ದಕ್ಕೆ. ಅವಳು ಏನನ್ನಾದರೂ ಕೇಳುವುದೇ ಅಪರೂಪವಾದ್ದರಿಂದ ಇವನು ಕೈ ಬಿಚ್ಚಿ ಹಾಕಿದ್ದ: ಸೀಟಿನಡಿ ಆಂಪ್ಲಿಫೈಯರ್, ಡಿಕ್ಕಿಯಲ್ಲಿ ವೂಫರ್, ಬಾಗಿಲಿಗೆರಡು ಸ್ಪೀಕರ್. ಎರಡು ತಿಂಗಳು ಕಳೆಯುವಷ್ಟರಲ್ಲಿ ಕಾಯಿಲೆ ಶುರುವಾಯಿತು. ವಾರಕ್ಕೊಂದು ದಿನ, ಹೆಚ್ಚಾಗಿ ಶುಕ್ರವಾರ, ಕೀಲಿ ತಿರುಗಿಸಿದರೆ ಟಕ್ ಅನ್ನುವ ಸದ್ದು ಬಿಟ್ಟು ಬೇರೇನೂ ಇಲ್ಲ. ನೈಟಿಯ ಮೇಲೊಂದು ಶಾಲು ಹೊದ್ದು ಅವಳ ಅತ್ತೆ ಬಾಗಿಲಿಗೆ ಬಂದು ನಿಂತು, "ಊರಿನ ಗಾಡಿಗೆಲ್ಲ ಡಾಕ್ಟ್ರು ಇವ್ನು" ಎಂದು ಬೀದಿಗೆಲ್ಲ ಕೇಳುವಂತೆ ಹೇಳುವರು. ಅವರಿಗೆ ಕಿವಿ ಮಂದ, ಹಾಗಾಗಿ ಅವರ ಮಾತೂ ಟೀವಿಯೂ ಯಾವಾಗಲೂ ಜೋರು.

ಕರೆಂಟಣ್ಣ ಮೀಟರ್ ಹಿಡಿದು ಕೂತ. ಎಲ್ಲ ಆಫ್ ಮಾಡಿ ನೋಡಿದರೆ ಬ್ಯಾಟರಿಯಿಂದ ಸೋರುತ್ತಿದ್ದ ಕರೆಂಟು ಲೆಕ್ಕಕ್ಕೇ ಹಿಡಿಯದಷ್ಟು ಕಡಿಮೆ. ರಿಲೇ ಬದಲಿಸಿದ. ಅರ್ಥಿಂಗ್ ತಂತಿ ಬಿಚ್ಚಿ ಮತ್ತೆ ಬಿಗಿದ. ಕೊನೆಗೆ ಬ್ಯಾಟರಿಯನ್ನೇ ಹೊಸದು ಹಾಕಿದ. ಮುಂದಿನ ಶುಕ್ರವಾರ ಮತ್ತೆ ಟಕ್. ಪಕ್ಕದ ಅಂಗಡಿಯ ಪಂಕ್ಚರ್ ಮಾಮ ಕಾರು ತಳ್ಳಲು ಬಂದವನು, "ಗಾಡಿಗೆ ದೃಷ್ಟಿ ಬಿದ್ದಿದೆಯೇನೋ, ನಿನ್ನ ಬಾಯಿಗೆ ಬೀಗ ಹಾಕಿ ನೋಡು" ಎಂದು ನಕ್ಕ.

"ನೀನು ಆಫ್ ಮಾಡೋದು ಮರೀತೀಯಾ?" ಎಂದು ಹೆಂಡತಿಯನ್ನು ಕೇಳಿದ.

"ಇಲ್ಲ," ಅಂದಳು ಅವಳು. ನೋಟ್‌ಬುಕ್ಕುಗಳ ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊರಟೇಬಿಟ್ಟಳು.

ಜನರೇಟರ್ ಎಷ್ಟು ಹೊತ್ತು ಓಡಿತು ಎಂದು ಎಣಿಸುವ ಅವರ್ ಮೀಟರುಗಳೆರಡು ಅವನ ಡ್ರಾಯರಿನಲ್ಲಿದ್ದವು, ಬೆಂಕಿಪೊಟ್ಟಣದಷ್ಟು ಸಣ್ಣವು. ಒಂದನ್ನು ಇಂಜಿನ್ ಓಡುವಾಗ ಮಾತ್ರ ಎಣಿಸುವಂತೆ ಜೋಡಿಸಿದ, ಇನ್ನೊಂದನ್ನು ಆಂಪ್ಲಿಫೈಯರ್ ಆನ್ ಇರುವಷ್ಟು ಹೊತ್ತು ಎಣಿಸುವಂತೆ. ಎರಡನ್ನೂ ಡಿಕ್ಕಿಯ ಮೂಲೆಯಲ್ಲಿ ಮರೆಮಾಡಿದ. ಆ ವಾರ ಗಾಡಿ ಒಂದು ದಿನವೂ ಕೈಕೊಡಲಿಲ್ಲ. ವಾರ ಕಳೆದು ನೋಡಿದ. ಇಂಜಿನ್ ಓಡಿದ್ದು ಎರಡೂವರೆ ಗಂಟೆ. ಸ್ಟೀರಿಯೊ ಓಡಿದ್ದು ಏಳೂವರೆ ಗಂಟೆ.

ಐದು ದಿನದ ಸ್ಕೂಲು, ಐದು ಗಂಟೆ. ದಿನಕ್ಕೊಂದು ಗಂಟೆ ಅವಳ ಕಾರು ಎಲ್ಲೋ ನಿಂತು ಹಾಡುತ್ತಿತ್ತು.

ಅವನು ಬೆರಳು ಮಡಿಸಿ ಲೆಕ್ಕ ಹಾಕಿದ. ಸ್ಕೂಲು ಬಿಡುವುದು ಮೂರೂವರೆಗೆ, ದಾರಿ ಕಾಲು ಗಂಟೆಯದು, ಅವಳು ಮನೆ ಸೇರುವುದು ಐದಕ್ಕೆ. ನೋಟ್‌ಬುಕ್ ತಿದ್ದೋದಿತ್ತು ಅನ್ನುತ್ತಿದ್ದಳು. ಅದನ್ನು ಅವನು ಯಾವತ್ತೂ ಪ್ರಶ್ನಿಸಿರಲಿಲ್ಲ, ಏಕೆಂದರೆ ಅವಳು ಹೇಳಿ ಮುಗಿಸುವ ಮೊದಲೇ ತನ್ನ ಅಂಗಡಿಯ ಪುರಾಣ ಶುರು ಮಾಡಿರುತ್ತಿದ್ದ. ಕಾರಿನಲ್ಲಿ ಅವಳ ಜೊತೆ ಯಾರು ಕೂರುತ್ತಾರೆ ಎಂಬ ಪ್ರಶ್ನೆ ಒಮ್ಮೆ ತಲೆಯೊಳಗೆ ಹೊಕ್ಕಿತೆಂದರೆ ಹೊಕ್ಕಿತು, ಎರಡು ದಿನ ಕಳೆದರೂ ಹೊರಡಲಿಲ್ಲ. ಮೂರನೆಯ ದಿನ ಅಂಗಡಿಯನ್ನು ಪಂಕ್ಚರ್ ಮಾಮನಿಗೆ ನೋಡಿಕೊಳ್ಳಲು ಹೇಳಿ, ಸ್ಕೂಟರ್ ಹತ್ತಿ, ಸ್ಕೂಲಿನ ಗೇಟಿನಿಂದ ದೂರದಲ್ಲಿ ನಿಂತ. ಕಳ್ಳನಂತೆ ನಿಂತಿದ್ದೇನೆ ಎಂದು ಅವನಿಗೇ ನಾಚಿಕೆಯಾಯಿತು.

ಅವಳ ಕಾರು ಮನೆಯ ಕಡೆ ತಿರುಗಲಿಲ್ಲ. ಮುಚ್ಚಿಹೋದ ಪ್ರಿಂಟಿಂಗ್ ಪ್ರೆಸ್ಸಿನ ಹಿಂದೆ, ಗೋಡೆಗೆ ಒತ್ತಿಕೊಂಡಂತೆ ನಿಂತಿತು. ಗಾಜುಗಳೆಲ್ಲ ಮೇಲೇರಿದವು. ಯಾರೂ ಬರಲಿಲ್ಲ. ಹತ್ತು ನಿಮಿಷ ಕಾದು ಅವನು ಹಿಂದಿನಿಂದ ಮೆಲ್ಲಗೆ ಹತ್ತಿರ ಹೋದ. ಮೊದಲು ಕಿವಿಗೆ ಬಿದ್ದದ್ದು ವೂಫರಿನ ಗುದ್ದಿಗೆ ಡಿಕ್ಕಿಯ ನಂಬರ್ ಪ್ಲೇಟು ಗಡಗಡ ಅನ್ನುವುದು. ರಬ್ಬರ್ ವಾಷರ್ ಹಾಕಬೇಕಿತ್ತು ಎಂದುಕೊಂಡ. ಆಮೇಲೆ ಆ ಸದ್ದಿನ ಮೇಲೆ ಇನ್ನೊಂದು ದನಿ ಕೇಳಿತು.

ಅವಳು ಹಾಡುತ್ತಿದ್ದಳು. ಗುನುಗುವುದಲ್ಲ, ಗಂಟಲು ಬಿಟ್ಟು. ಸ್ಟೀರಿಂಗಿನ ಮೇಲೆ ಬೆರಳು ತಟ್ಟುತ್ತ, ಕಣ್ಣು ಮುಚ್ಚಿ, ಸ್ಪೀಕರಿನ ದನಿಯನ್ನೂ ಮೀರಿಸಿ ಹಾಡುತ್ತಿದ್ದಳು. ಇಷ್ಟು ಜೋರಾದ ಸ್ಟೀರಿಯೊ ಯಾಕೆ ಬೇಕಿತ್ತೆಂದು ಅವನಿಗೆ ಆಗ ಅರ್ಥವಾಯಿತು. ಹಾದುಹೋಗುವವರಿಗೆ ಕೇಳುವುದು ಸ್ಟೀರಿಯೊ. ಅದರಡಿಯಲ್ಲಿ ಅವಳು ಎಷ್ಟು ಬೇಕಾದರೂ ದನಿ ಎತ್ತಬಹುದು, ನಗುವವರಿಲ್ಲ.

ಅಂದು ಕರೆಂಟು ಬಂದ ಮೇಲೆ ಅವಳು ಹಾಡು ಮುಂದುವರಿಸಿದಳೇ? ಅವನು ನೆನಪು ಮಾಡಿಕೊಂಡ. ಇಲ್ಲ. ನೆಂಟರಿಗೆ ನೀರು ತರುತ್ತೇನೆಂದು ಎದ್ದು ಒಳಗೆ ಹೋದಳು. ಆಮೇಲೆ ಹನ್ನೊಂದು ವರ್ಷ ಮನೆಯಲ್ಲಿ ಅವಳ ಹಾಡು ಕೇಳಿದ ನೆನಪಿಲ್ಲ. ಕೇಳದೆ ಹೋಗಿದೆ ಎಂಬುದೂ ಅವನ ಗಮನಕ್ಕೆ ಬಂದಿರಲಿಲ್ಲ, ಮನೆಯಲ್ಲಿ ಎಲ್ಲ ಹೊತ್ತೂ ತುಂಬಿದ್ದದ್ದು ಅವನದೇ ಮಾತು. ಗಾಜು ತಟ್ಟಲು ಎತ್ತಿದ ಕೈಯನ್ನು ಕೆಳಗಿಳಿಸಿ, ಸ್ಕೂಟರನ್ನು ಸ್ಟಾರ್ಟ್ ಮಾಡದೆ ರಸ್ತೆಯ ತಿರುವಿನವರೆಗೂ ತಳ್ಳಿಕೊಂಡು ಹೋದ.

ಶನಿವಾರ ಇಡೀ ದಿನ ಬೇರೆ ಗಿರಾಕಿ ಮುಟ್ಟಲಿಲ್ಲ. ಹೆಂಡತಿಯ ಕಾರಿನ ಡಿಕ್ಕಿಯಲ್ಲಿ ಇನ್ನೊಂದು ಬ್ಯಾಟರಿ ಕೂರಿಸಿ ಬೆಲ್ಟು ಬಿಗಿದ, ಸ್ಟೀರಿಯೊವನ್ನು ಪೂರ್ತಿ ಅದಕ್ಕೇ ಜೋಡಿಸಿದ. ನಂಬರ್ ಪ್ಲೇಟಿಗೆ ರಬ್ಬರ್ ವಾಷರ್ ಹಾಕಿದ. ಅವನು ಬಾಯಿ ಬಿಡದೆ ಕೆಲಸ ಮಾಡುವುದನ್ನು ನೋಡಿ ಪಂಕ್ಚರ್ ಮಾಮ ಎರಡು ಸಲ ಬಂದು, "ಹುಷಾರಿದ್ದೀಯಾ?" ಎಂದು ವಿಚಾರಿಸಿದ.

ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಡಿಕ್ಕಿ ತೆಗೆದು ಅವಳಿಗೆ ತೋರಿಸಿದ. ಒಳಗಡೆ ಅತ್ತೆಯ ಟೀವಿ ಕಿರುಚುತ್ತಿತ್ತು.

"ಇದು ಹಾಡಿಗೆ ಮಾತ್ರ. ಮುಂದಿಂದು ಗಾಡಿಗೆ ಮಾತ್ರ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ದಿನಾ ನೀನು ಬಂದ್ಮೇಲೆ ಇದನ್ನ ಚಾರ್ಜಿಗೆ ಹಾಕೋದು ನನ್ನ ಕೆಲಸ."

"ಎಷ್ಟು ಹೊತ್ತು ಬರುತ್ತೆ?"

"ಎರಡು ಗಂಟೆ ಧಾರಾಳವಾಗಿ. ಇಂಜಿನ್ ಆಫ್ ಇದ್ರೂ."

ಅವಳು ಮೂಲೆಯಲ್ಲಿದ್ದ ಎರಡು ಮೀಟರುಗಳನ್ನು ನೋಡಿದಳು. ಅವು ಏನೆಂದು ಕೇಳಲಿಲ್ಲ. "ಬಂದಿದ್ರಾ?" ಅಂದಳು.

"ಬಂದಿದ್ದೆ."

"ಕೇಳಿಸ್ಕೊಂಡ್ರಾ?"

"ಎರಡು ಹಾಡು."

"ಹೇಗಿತ್ತು?"

ಕರೆಂಟಣ್ಣ ಬಾಯಿ ತೆರೆದ. ಹನ್ನೊಂದು ವರ್ಷದ ದಾಸ್ತಾನಿನಲ್ಲಿ ಅದಕ್ಕೊಂದು ಉತ್ತರ ಸಿಗಲಿಲ್ಲ.

"ಈಗ ಮಾತಿಲ್ವಾ?" ಅಂದಳು ಅವಳು. ದನಿ ಏರಲಿಲ್ಲ. "ಅವತ್ತು ಎಷ್ಟು ಬೇಗ ಸಿಕ್ಕಿತ್ತು. ಕತ್ತಲಲ್ಲೂ ಸಿಕ್ಕಿತ್ತು. ಅಂಗಡೀಲಿ ಇನ್ನೂ ಹೇಳ್ತೀರಂತೆ, ನನ್ನ ಹಾಗೆ ಹಾಡಿ ತೋರಿಸಿ. ನಮ್ಮ ಹೆಡ್‌ಮಾಸ್ಟ್ರು ಗಾಡಿ ರಿಪೇರಿಗೆ ಅಂಗಡಿಗೆ ಬಂದಿದ್ದವರು ಸ್ಕೂಲಿಗೆ ಬಂದು ಹೇಳಿದ್ರು, ನಗ್ತಾ."

"ತಪ್ಪಾಯ್ತು ಕಣೆ," ಅಂದ ಅವನು.

ಅವಳು ಡಿಕ್ಕಿ ಮುಚ್ಚಿ, ಮುಂದೆ ಹೋಗಿ ಡ್ರೈವರ್ ಸೀಟಿನಲ್ಲಿ ಕೂತು, ಬಾಗಿ ಪಕ್ಕದ ಬಾಗಿಲು ತೆಗೆದಳು.

"ಕೂತ್ಕೊಳ್ಳಿ. ಒಂದು ಮಾತೂ ಆಡಬಾರದು."

ಅವನು ಕೂತ. ಗಾಜುಗಳು ಮೇಲೇರಿದವು, ಟೀವಿಯ ಕಿರುಚಾಟ ದೂರವಾಯಿತು. ಅವಳು ಸ್ಟೀರಿಯೊ ಆನ್ ಮಾಡಿದಳು. ಸೀಟಿನಡಿ ಆಂಪ್ಲಿಫೈಯರ್ ಸಣ್ಣಗೆ ಎಚ್ಚರವಾದದ್ದು ಅವನ ಕಾಲಿಗೆ ತಿಳಿಯಿತು. ಒಂದು ಹಾಡು ಪೂರ್ತಿ ಮುಗಿಯಿತು, ಅವಳ ತುಟಿ ಅಲುಗಲಿಲ್ಲ. ವಾತಾವರಣ ತಿಳಿಮಾಡುವ ಮೂರು ನಗೆಮಾತುಗಳು ಅವನ ನಾಲಿಗೆಯ ತುದಿಗೆ ಬಂದವು. ಮೂರನ್ನೂ ನುಂಗಿಕೊಂಡ.

ಅವಳು ಕೈ ಚಾಚಿ ಸ್ಟೀರಿಯೊ ಆಫ್ ಮಾಡಿದಳು. ನೇರ ಮುಂದೆ ರಸ್ತೆಯನ್ನೇ ನೋಡುತ್ತ, ಕಣ್ಣು ಮುಚ್ಚದೆ, ಅವಳು ಹಾಡತೊಡಗಿದಳು. ಮೊದಲ ಸಾಲಿನಿಂದಲ್ಲ. ಅವನು ಅಂಗಡಿಯಲ್ಲಿ ಅಣಕಿಸಿ ನಿಲ್ಲಿಸುತ್ತಿದ್ದ ಮೂರನೆಯ ಸಾಲಿನ ಮುಂದಿನಿಂದ. ಆ ಹಾಡಿಗೆ ಅಷ್ಟೊಂದು ಉಳಿದಿತ್ತು ಎಂದು ಕರೆಂಟಣ್ಣನಿಗೆ ಗೊತ್ತೇ ಇರಲಿಲ್ಲ.