ತುದಿಯ ಬಟ್ಟಲಿಗೆ ಮುಚ್ಚಳ

ಇದೆ, ಮುಚ್ಚಳವಿದೆ, ಹಾಳಾದ್ದು ಇದ್ದೇ ಇದೆ – ಸೂಕ್ಷ್ಮದರ್ಶಕದ ತಿರುಪನ್ನು ಒಂದು ಕೂದಲೆಳೆ ಹಿಂದೆ ತಿರುಗಿಸಿದಳು, ಮತ್ತೆ ಮುಂದೆ, ಕಡಲಜೀವಿಯ ಕೊಂಬೆಯ ತುತ್ತತುದಿಯ ಬಟ್ಟಲಿನ ಬಾಯಿಗೆ ಮೂರು ಎಸಳಿನ ಮುಚ್ಚಳ, ಈರುಳ್ಳಿ ಪೊರೆಯಷ್ಟು ತೆಳ್ಳಗೆ, ಅದರ ಕೆಳಗಿನ ಬಟ್ಟಲಿಗೆ ಅರ್ಧ ಹರಿದದ್ದು, ಅದಕ್ಕೂ ಕೆಳಗಿನವಕ್ಕೆ ಏನೂ ಇಲ್ಲ, ಬರೀ ಬೋಳು ಬಾಯಿ, ಹನ್ನೆರಡು ವರ್ಷದಿಂದ ಇವಳಿಗೆ ಗೊತ್ತಿರುವ ಬೋಳು ಬಾಯಿ. ಅಂದರೆ ಮೂಡುವಾಗ ಎಲ್ಲಕ್ಕೂ ಮುಚ್ಚಳವಿರುತ್ತದೆ, ಹಳತಾದಂತೆ ಉದುರುತ್ತದೆ, ಇಷ್ಟೇ ಕಥೆ, ಇಷ್ಟು ಕಥೆಗೆ ಒಂದು ಹೊಸ ಪ್ರಭೇದ, ಅದಕ್ಕೆ ಇವಳ ಹೆಸರು! ಮೇಷ್ಟ್ರು ಇಟ್ಟ ಹೆಸರು. ಈ ಜೀವಿಗಳ ಕುಟುಂಬದಲ್ಲಿ ಮುಚ್ಚಳ ಇಲ್ಲದ್ದು ನಾನು ಕಂಡೇ ಇಲ್ಲಮ್ಮ, ಹುಡುಕಿ ತಂದವಳು ನೀನು, ನಿನ್ನ ಹೆಸರೇ ಇರ್ಲಿ ಅಂದಿದ್ದರು, ಮನೆಯಲ್ಲಿ ಅಕ್ಕ ಬಿದ್ದು ಬಿದ್ದು ನಕ್ಕಿದ್ದಳು, ಪಾಚಿಗೆ ನಿನ್ನ ಹೆಸರಾ ಅಂತ. ಪಾಚಿಯಲ್ಲ ಕಣೇ, ಹೈಡ್ರಾಯ್ಡ್, ಪ್ರಾಣಿ – ಎಷ್ಟು ಸಲ ಬಡಕೊಂಡಿದ್ದಾಳೆ, ಗಿಡದ ಹಾಗೆ ಕವಲೊಡೆದು ಸಮುದ್ರದ ಬಂಡೆಗೆ ಅಂಟಿಕೊಂಡರೂ ಪ್ರಾಣಿ, ಒಂದಲ್ಲ ನೂರಾರು, ಬಟ್ಟಲಿಗೊಂದು ಜೀವ, ಒಳಗೆ ಎಲ್ಲವನ್ನೂ ಹೊಲಿದಂತೆ ಒಂದೇ ಕರುಳು, ಯಾವ ಬಾಯಿ ಉಂಡರೂ ಎಲ್ಲರಿಗೂ ಪಾಲು, ಕೆಲವಕ್ಕೆ ಬಾಯಿಯೇ ಇಲ್ಲ, ಮರಿ ಮಾಡುವುದಷ್ಟೇ ಕೆಲಸ. ಅಯ್ಯೋ ಒಳ್ಳೇ ಸಂಸಾರ ಬಿಡು, ನಮ್ಮನೆಗಿಂತ ವಾಸಿ. ಅಕ್ಕನಿಗೆ ಎಲ್ಲವೂ ತಮಾಷೆ, ಈಗಲೂ ಅವಳದೇ ಫೋನು, ಮೂರನೇ ಸಲ ಮೇಜಿನ ಮೇಲೆ ಗುರ್ರೆನ್ನುತ್ತಿದೆ, ಮೊದಲ ಸಲ ಎತ್ತಿದಾಗಲೇ ಅಂದಿದ್ದಳು, ನಲ್ಲಿ ರಿಪೇರಿಯವನು ಬಂದಿದ್ದಾನೆ, ಹಳೇ ವಾಷರ್ ಎಲ್ಲಿಟ್ಟಿದ್ದೀಯ, ಅವನು ಕಾಯ್ತಿದಾನೆ – ಕಾಯಲಿ, ಎಲ್ಲರೂ ಕಾಯಲಿ, ಜಗತ್ತಿನ ಬಟ್ಟಲುಗಳಿಗೆಲ್ಲ ಮುಚ್ಚಳ ಹುಡುಕುವ ಗುತ್ತಿಗೆ ಇವಳದೇ ತಾನೆ. ಫೋನನ್ನು ಡ್ರಾಯರಿಗೆ ತುರುಕಿದಳು, ಅದು ಅಲ್ಲೂ ಗುರ್ರೆಂದಿತು.

ಏನಮ್ಮ, ಚಿತ್ರ ಆಯ್ತಾ ಎಂದು ಮೇಷ್ಟ್ರು ಕಿಟಕಿಯ ಪಕ್ಕದ ಕುರ್ಚಿಯಿಂದಲೇ ಕೇಳಿದರು. ಇನ್ನೊಂದು ಚೂರು ಸರ್. ಅವರಿಗೆ ಈಗ ಬೆಳಕು ನೆರಳಷ್ಟೇ ಕಾಣುವುದು, ನಲವತ್ತು ವರ್ಷ ಮಸೂರಕ್ಕೆ ಕಣ್ಣಿಟ್ಟವರು ಗೋಡೆ ಸವರಿಕೊಂಡು ಬರುತ್ತಾರೆ, ಈ ಜೀವಿಗಳ ಇಡೀ ವರ್ಗೀಕರಣ ಒಂದೇ ಪುಸ್ತಕದಲ್ಲಿ ಬರಬೇಕೆಂಬ ಹಟ, ನಾಳೆ ಅಚ್ಚಿಗೆ ಹೋಗಬೇಕು, ಉಳಿದದ್ದು ಇದೊಂದೇ ಚಿತ್ರ. ಹಳೇ ಸ್ಲೈಡು ನೋಡಿ ಬರೆದಿದ್ದರೆ ಮುಗಿಯುತ್ತಿತ್ತು, ಅದು ಮಬ್ಬಾಗಿದೆ ಎಂದು ಸೀಸೆಯಲ್ಲಿ ಉಳಿದಿದ್ದ ಒಂದೇ ಒಂದು ಕೊಂಬೆಯನ್ನು ತೆಗೆದವಳು ಇವಳು, ಬೇಕಿತ್ತಾ ಈ ಉಸಾಬರಿ. ಬೇರೆ ಜಾತಿಯ ಕೊಂಬೆ ಸೇರಿಕೊಂಡಿರಬಹುದು – ಇಲ್ಲ, ಅದೇ ಬಂಡೆ, ಅದೇ ಸೀಸೆ, ಬುಡದ ಬಟ್ಟಲುಗಳು ತದ್ರೂಪು. ಮತ್ತೆ ಹಳೆಯದರಲ್ಲಿ ತುದಿಗೆ ಯಾಕಿಲ್ಲ ಎಂದು ಪೆಟ್ಟಿಗೆಯಿಂದ ಹಳೆಯ ಸ್ಲೈಡು ತೆಗೆದು ಬೆಳಕಿಗೆ ಹಿಡಿದಳು, ನಾಲ್ಕು ಕೊಂಬೆ, ಸಾಲಾಗಿ, ನಾಲ್ಕರ ತಲೆಯೂ ಒಂದೇ ಗೆರೆಗೆ ನೇರ. ನೇರ. ಕೊಂಬೆ ಎಲ್ಲಾದರೂ ನೇರಕ್ಕೆ ಮುಗಿಯುತ್ತದೆಯೇ. ಆಗ ನೆನಪಾಯಿತು, ಅಂದು ಸ್ಲೈಡು ಮಾಡುವಾಗ ಕೊಂಬೆ ಉದ್ದ, ಮೇಲೆ ಮುಚ್ಚುವ ಗಾಜು ಗಿಡ್ಡ, ತುದಿಗಳು ಹೊರಗೆ ಇಣುಕಿ ಅಸಹ್ಯವಾಗಿ ಕಂಡಿದ್ದವು, ಬ್ಲೇಡಿನಿಂದ ಒಂದೇ ಸಲಕ್ಕೆ ಕತ್ತರಿಸಿದ್ದಳು, ಹೊಸ ಬಟ್ಟಲು ಹುಟ್ಟುವುದೇ ಆ ತುದಿಯಲ್ಲಿ ಎಂಬುದು ತಲೆಯಲ್ಲಿ ಇರಲೇ ಇಲ್ಲ, ಮೇಷ್ಟ್ರು ಹೊಸ ಪ್ರಭೇದ ಎಂದದ್ದು ಈ ಸ್ಲೈಡು ನೋಡಿಯೇ, ಎಷ್ಟು ಚೊಕ್ಕವಾಗಿ ಮಾಡಿದ್ದೀಯಮ್ಮ ಎಂದೂ ಅಂದಿದ್ದರು. ಚೊಕ್ಕ! ತನ್ನ ಚೊಕ್ಕಕ್ಕಿಷ್ಟು ಬೆಂಕಿ ಹಾಕ.

ಮುಚ್ಚಳ ಇಲ್ಲ ಎಂದರೆ ಸಾಕು. ಮೇಷ್ಟ್ರು ನಂಬುತ್ತಾರೆ, ನೀನು ನೋಡಿದ್ರೆ ನಾನೇ ನೋಡ್ದ ಹಾಗೆ ಅಂತಾರೆ ಯಾವಾಗಲೂ, ಹೆಸರು ಉಳಿಯುತ್ತದೆ, ಕೊಂಬೆಯನ್ನು ಸೀಸೆಗೆ ಹಾಕಿ ಬಿರಡೆ ಬಿಗಿದರೆ ಯಾರು ತೆಗೆಯುತ್ತಾರೆ – ತೆಗೆಯುತ್ತಾರೆ, ಹತ್ತು ವರ್ಷಕ್ಕೋ ಇಪ್ಪತ್ತಕ್ಕೋ ಯಾರೋ ಒಬ್ಬರು ತೆಗೆದೇ ತೆಗೆಯುತ್ತಾರೆ, ಆಗ ಮುದುಕ ಸರಿಯಾಗಿ ನೋಡದೆ ಬರೆದ ಅನ್ನುತ್ತಾರೆ, ಇವಳನ್ನಲ್ಲ, ಅವರನ್ನು. ಅದನ್ನು ಮಾತ್ರ ಇವಳಿಂದ ಸಹಿಸಲಾಗದು. ಸರ್, ಮುಚ್ಚಳ ಇದೆ. ಹೇಳಿಬಿಟ್ಟಳು. ತುದೀಲಿ ಇದೆ ಸರ್, ಆಮೇಲೆ ಉದುರತ್ತೆ, ಇದು ಹೊಸದಲ್ಲ, ಹಳೇ ಪ್ರಭೇದಾನೇ. ಮೇಷ್ಟ್ರು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು, ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ ಕೂತರು, ಯಾಕೆ ಒರೆಸುತ್ತಾರೋ, ಒರೆಸಿದರೆ ಏನು ಕಂಡೀತು. ಆಮೇಲೆ ಮೆಲ್ಲಗೆ, ಹಾಗಾದ್ರೆ ಆಗ್ಲೇ ನನ್ನ ಕಣ್ಣು ಕೆಟ್ಟಿತ್ತು ಅಂತಾಯ್ತು, ಇನ್ನು ಪುಸ್ತಕದಲ್ಲಿ ಬೇರೆ ಏನೇನು ತಪ್ಪು ನೋಡಿದೀನೋ, ಬೇಡಮ್ಮ, ಅಚ್ಚಿಗೆ ಕೊಡೋದು ಬೇಡ. ಇಲ್ಲ ಸರ್, ನಿಮ್ಮ ಕಣ್ಣಲ್ಲ, ನಾನು – ತುದಿ ಕತ್ತರಿಸಿದ್ದು ನಾನೇ ಅನ್ನು, ಹೇಳು, ಹೇಳು – ಬಿಳಿ ಪಿಂಗಾಣಿ ತಟ್ಟೆ, ಬ್ಲೇಡು, ತಟ್ಟೆಯಲ್ಲಿ ಬಿದ್ದ ನಾಲ್ಕು ತುದಿ, ಒದ್ದೆ ಹತ್ತಿಯಿಂದ ಒರೆಸುತ್ತಿರುವ ಕೈ, ನಾಲ್ಕು ತುದಿ, ಬಿಳಿ ತಟ್ಟೆ, ನಾಲ್ಕು ತುದಿ –